ಏಳು ಕಿಲೋ ನ್ಯಾಯ

ಕೀನ್ಯಾದಿಂದ ಬಂದು ತಿಂಗಳಾಯ್ತು. ಮಸಾಯಿ ಮಾರಾದ ಫೋಟೋ ಎಲ್ಲಿ ಅಂತ ಕೇಳಿದವರಿಗೆಲ್ಲ "ಹಾಕ್ತೀನಿ, ಹಾಕ್ತೀನಿ" ಅಂತ ಸಾಗಹಾಕ್ತಾ ಇದ್ದೀನಿ. ಹಾಕ್ತೀನಿ ಮಾರಾಯ್ರೆ. ಆದರೆ ಒಂದು ವಿಷಯ ಹೊಟ್ಟೆಯಲ್ಲಿ ಕೂತುಬಿಟ್ಟಿದೆ. ಅದನ್ನ ಹೊರಗೆ ಹಾಕದೆ ಸಿಂಹದ ಬಗ್ಗೆ ಬರೆಯೋಕೆ ಮನಸ್ಸು ಬರ್ತಿಲ್ಲ.

ಗಲ್ಫ್ ಮೇಲೆ ಹೋಗುವ ವಿಮಾನಗಳಲ್ಲಿ ಎಕಾನಮಿಯವನು ಕೈಯಲ್ಲಿ ಒಯ್ಯಬಹುದಾದ್ದು ಸಾಮಾನ್ಯವಾಗಿ ಏಳು ಕಿಲೋ. ನನ್ನ ಲೆಕ್ಕ ಹೀಗಿತ್ತು. ನಿಕಾನ್ ಡಿ500, ಬ್ಯಾಟರಿ ಸೇರಿ 860 ಗ್ರಾಂ. 200-500 ಲೆನ್ಸು 2300 ಗ್ರಾಂ. 24-70 ಲೆನ್ಸು 1070 ಗ್ರಾಂ. ಲ್ಯಾಪ್‌ಟಾಪು ಚಾರ್ಜರ್ ಸಮೇತ ಎರಡು ಕಿಲೋ. ಖಾಲಿ ಕ್ಯಾಮೆರಾ ಬ್ಯಾಗೇ ಇನ್ನೆರಡು ಕಿಲೋ! ಚಿಲ್ಲರೆ ಸಾಮಾನು ಸೇರಿ ಬೆಂಗಳೂರು ಏರ್‌ಪೋರ್ಟಿನ ತಕ್ಕಡಿ ತೋರಿಸಿದ್ದು 8.6. ಕ್ಯಾಮೆರಾ, ಲೆನ್ಸು ಎಲ್ಲ ಸೆಕೆಂಡ್ ಹ್ಯಾಂಡೇ, ಆದರೂ ಮೂರು ವರ್ಷ ಕೂಡಿಟ್ಟ ದುಡ್ಡು ಅದು.

"ಸರ್, ಇದನ್ನ ಚೆಕ್-ಇನ್ ಮಾಡ್ಬೇಕಾಗುತ್ತೆ."

"ಮೇಡಂ, ಒಳಗಿರೋದು ಕ್ಯಾಮೆರಾ. ಕ್ಯಾಮೆರಾನ ಚೆಕ್-ಇನ್ ಬ್ಯಾಗಲ್ಲಿ ಹಾಕಬೇಡಿ, ಹಾಕಿದ್ರೆ ನಮ್ಮ ಜವಾಬ್ದಾರಿ ಅಲ್ಲ ಅಂತ ನಿಮ್ಮದೇ ಟಿಕೆಟ್ ಷರತ್ತಲ್ಲಿ ಇದೆ. ಒಡೆದ್ರೆ ನಾವು ಕಟ್ಟಿಕೊಡ್ತೀವಿ ಅಂತ ಒಂದು ಚೀಟಿ ಬರೆದುಕೊಡಿ, ಈಗಲೇ ಹಾಕ್ತೀನಿ."

ಆ ಹುಡುಗಿ ಏನು ಮಾಡ್ಯಾಳು ಪಾಪ. ಸೂಪರ್‌ವೈಸರ್‌ನ ಕರೆದಳು. ಆತ ಬ್ಯಾಗು ನೋಡಿದ, ನನ್ನ ಜಾಕೆಟ್ ನೋಡಿದ, ನಕ್ಕ. "ಸರ್, ಪಾಕೆಟ್ಟು ದೊಡ್ಡದಿದೆಯಲ್ಲಾ" ಅಂದ.

ಅಷ್ಟೇ. ಒಂದು ಜೇಬಿಗೆ ಲೆನ್ಸು, ಕುತ್ತಿಗೆಗೆ ಕ್ಯಾಮೆರಾ. ಬ್ಯಾಗು 6.7 ತೂಗಿತು. ಟ್ಯಾಗ್ ಬಿತ್ತು. ಹತ್ತು ಹೆಜ್ಜೆ ನಡೆದು ಎರಡನ್ನೂ ವಾಪಸ್ ಬ್ಯಾಗಿಗೆ ತುಂಬಿದೆ. ಅವರೂ ನೋಡಿದರು, ನಾನೂ ನೋಡಿದೆ.

ಈಗ ಹೇಳಿ, ಆ 1930 ಗ್ರಾಂ ಎಲ್ಲಿ ಹೋಯ್ತು? ವಿಮಾನಕ್ಕೆ ಗೊತ್ತಾಯ್ತಾ ಅದು ಜೇಬಲ್ಲಿತ್ತೋ ಬ್ಯಾಗಲ್ಲಿತ್ತೋ ಅಂತ? ಡ್ಯೂಟಿ ಫ್ರೀಯಲ್ಲಿ ಎರಡು ಬಾಟಲಿ ಕೊಂಡು ಬಂದವನ ಚೀಲ ನನ್ನ ಗೇಟಿನಲ್ಲಿ ಯಾರೂ ತೂಗಲಿಲ್ಲ. ಬ್ರಿಟಿಷ್ ಏರ್‌ವೇಸ್‌ನಲ್ಲಿ ಕೈಬ್ಯಾಗಿನ ಮಿತಿ 23 ಕಿಲೋ, ನೀವೇ ಎತ್ತಿ ಮೇಲಿಡಬೇಕು ಅನ್ನೋದು ಷರತ್ತು. ಅವರ ವಿಮಾನಗಳೂ ಹಾರ್ತಾ ಇವೆ, ಬೋಯಿಂಗು ಏರ್‌ಬಸ್ಸುಗಳೇ.

ಭಾರದ ಬ್ಯಾಗು ಮೇಲಿಂದ ಬಿದ್ರೆ ಇನ್ನೊಬ್ಬರ ತಲೆ ಒಡೆಯುತ್ತೆ, ಎತ್ತಿಡುವ ಸಿಬ್ಬಂದಿಯ ಬೆನ್ನು ಹಿಡಿಯುತ್ತೆ ಅನ್ನೋದು ನಿಜ. ಈ ವಾದ ನಾನು ಒಪ್ತೀನಿ. ಹಾಗಾದ್ರೆ ಕಾಲಡಿ ಇಟ್ಕೊಳ್ಳೋ ಬ್ಯಾಗಿಗೆ ಬೇರೆ ನಿಯಮ ಮಾಡಿ. ಜೇಬಿಗೆ ಹಾಕ್ಕೋ ಅಂತ ಹೇಳಿಕೊಡಬೇಡಿ.

ನನಗೆ ನಿಜವಾಗಿ ಸಿಟ್ಟು ಬಂದದ್ದು ಪಕ್ಕದ ಕೌಂಟರ್ ನೋಡಿ. ಕಲಬುರ್ಗಿ ಕಡೆಯವರೊಬ್ಬರು, ನಲವತ್ತೈದರ ಮೇಲಿರಬಹುದು, ದೋಹಾದಲ್ಲಿ ಕೆಲಸ, ರಜೆ ಮುಗಿಸಿ ಹೊರಟಿದ್ದರು. ಅವರ ಕೈಚೀಲ ಒಂಬತ್ತು ಕಿಲೋ. ಒಳಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ. "ಕೆಳಗ ಹಾಕಿದ್ರ ರೊಟ್ಟಿ ಮುರೀತಾವ್ರಿ" ಅಂತ ಮೂರು ಸಲ ಹೇಳಿದರು. ಕೌಂಟರಿನವನಿಗೆ ಕನ್ನಡ ಬರಲಿಲ್ಲವೋ, ಬಂದರೂ ಬೇಡವಾಗಿತ್ತೋ. ಅವರ ಮೈಮೇಲೆ ಒಂದು ಅಂಗಿ ಅಷ್ಟೇ, ಜಾಕೆಟ್ ಇರಲಿಲ್ಲ. ಟಿಕೆಟ್ ಷರತ್ತು ಓದಿ ಹೇಳೋ ಇಂಗ್ಲಿಷೂ ಇರಲಿಲ್ಲ. ಚೀಲಕ್ಕೆ ಟ್ಯಾಗ್ ಕಟ್ಟಿ ಬೆಲ್ಟಿನ ಮೇಲೆ ಒಗೆದರು. ನಾನು ಏನಾದರೂ ಹೇಳಬೇಕಿತ್ತು. ಲೆನ್ಸು ಜೇಬಿಗೆ ತುರುಕೋ ಗಡಿಬಿಡಿಯಲ್ಲಿದ್ದೆ.

ನಿಮ್ಮಲ್ಲೂ ಎಷ್ಟೋ ಜನ ಕ್ಯಾಮೆರಾ ಹೊತ್ತು ತಿರುಗೋರೇ, ಅದಕ್ಕೇ ಕೇಳ್ತಿದ್ದೀನಿ. ನಾವು ಒಬ್ಬರಿಗೊಬ್ಬರು ಹೇಳಿಕೊಡೋದು ಏನು? ಹದಿನಾರು ಜೇಬಿನ ಜಾಕೆಟ್ ಕೊಳ್ಳಿ, ತೂಕ ಮಾಡುವಾಗ ಬ್ಯಾಗನ್ನ ಗೆಳೆಯನ ಹತ್ರ ಬಿಟ್ಟು ಬನ್ನಿ, ಒಂದೇ ಬೆರಳಲ್ಲಿ ಎತ್ತಿ ಹಗುರ ಇದ್ದ ಹಾಗೆ ನಟಿಸಿ, ಚೆನ್ನಾಗಿ ನಗಿ. ನಾನೂ ಹೇಳಿಕೊಟ್ಟಿದ್ದೀನಿ, ಸುಳ್ಳು ಯಾಕೆ. ಇದನ್ನ ಜಾಣತನ ಅಂದ್ಕೊಂಡಿದ್ವಿ. ನಾವು ಪಾರಾಗೋದ್ರಿಂದ ನಿಯಮ ಬದಲಾಗಲ್ಲ, ನಟನೆ ಬಾರದವರ ಮೇಲೆ ಬೀಳುತ್ತೆ, ಅಷ್ಟೇ.

ಸಂಗೀತಗಾರರನ್ನ ನೋಡಿ. ಪಿಟೀಲು, ಗಿಟಾರು ಹೊತ್ತವರದ್ದೂ ಇದೇ ಗೋಳು. ಅಮೆರಿಕದಲ್ಲಿ ಅವರು ಸಂಘಗಳ ಮೂಲಕ ಹಟ ಹಿಡಿದರು. 2012ರ ವಿಮಾನಯಾನ ಕಾಯಿದೆಯಲ್ಲಿ ಒಂದು ಕಲಮೇ ಸೇರಿತು, 2015ರಲ್ಲಿ ಅದು ನಿಯಮವಾಗಿ ಜಾರಿಗೆ ಬಂತು. ಹತ್ತುವ ಹೊತ್ತಿಗೆ ಬಿನ್ನಿನಲ್ಲೋ ಸೀಟಿನಡಿಯಲ್ಲೋ ಜಾಗ ಇದ್ದರೆ ಅಲ್ಲಿನ ಕಂಪನಿಗಳು ಪಿಟೀಲಿನಂಥ ಸಣ್ಣ ವಾದ್ಯವನ್ನ ಒಳಗೆ ಬಿಡಲೇಬೇಕು. ಅವರು ಕಾನೂನು ಮಾಡಿಸಿಕೊಂಡರು, ನಾವು ಜಾಕೆಟ್ ಹೊಲಿಸಿಕೊಂಡೆವು.

ಇನ್ನು "ಸುರಕ್ಷತೆ" ಅನ್ನೋ ಮಾತು. ಬಿಡಿ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕು ವಿಮಾನದ ಹೊಟ್ಟೆಗೆ ಹೋಗಕೂಡದು, ಕ್ಯಾಬಿನ್ನಲ್ಲೇ ಇರಬೇಕು. ಇದು ಜಗತ್ತಿನಾದ್ಯಂತ ಇರುವ ನಿಯಮ, ಕಾರಣವೂ ಗಟ್ಟಿ. ಮೇಲೆ ಹೊಗೆ ಬಂದ್ರೆ ಯಾರಾದ್ರೂ ನೋಡ್ತಾರೆ, ಆರಿಸ್ತಾರೆ. ಕೆಳಗೆ ನೋಡೋರು ಯಾರು? 2025ರ ಜನವರಿಯಲ್ಲಿ ಕೊರಿಯಾದ ಬೂಸಾನ್‌ನಲ್ಲಿ ಹೊರಡಲು ನಿಂತಿದ್ದ ವಿಮಾನವೊಂದು ಹೊತ್ತಿ ಉರಿಯಿತು. ಪವರ್ ಬ್ಯಾಂಕ್ ಕಾರಣ ಇರಬಹುದು ಅಂದರು ತನಿಖೆಯವರು. ನೆಲದ ಮೇಲಿದ್ದದ್ದಕ್ಕೆ ಎಲ್ಲರೂ ಬದುಕಿದರು. 2017ರ ಮಾರ್ಚಿನಲ್ಲಿ ಅಮೆರಿಕ ಇದಕ್ಕೆ ತದ್ವಿರುದ್ಧ ಮಾಡಿತ್ತು ನೆನಪಿದೆಯಾ? ದುಬೈ, ದೋಹಾ, ಅಬುಧಾಬಿ ಸೇರಿ ಹತ್ತು ಏರ್‌ಪೋರ್ಟುಗಳಿಂದ ಬರುವವರು ಫೋನಿಗಿಂತ ದೊಡ್ಡದಾದ ಲ್ಯಾಪ್‌ಟಾಪ್, ಕ್ಯಾಮೆರಾ ಎಲ್ಲ ಕೆಳಗೆ ಹಾಕಬೇಕು ಅಂತ. ಬಾಂಬಿನ ಭಯಕ್ಕೆ ಬೆಂಕಿಯ ಭಯ ಮರೆತರು. ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆ ಅದೇ ಏಪ್ರಿಲ್ಲಿನಲ್ಲಿ ಎಚ್ಚರಿಕೆ ಕೊಡಬೇಕಾಯ್ತು. ಜುಲೈ ಹೊತ್ತಿಗೆ ಆ ನಿಷೇಧ ಒಂದೊಂದೇ ಕಡೆ ಸಡಿಲವಾಯ್ತು.

ಮಿತಿಯೇ ಬೇಡ ಅಂತಲ್ಲ ನನ್ನ ತಕರಾರು. ನೈರೋಬಿಯ ವಿಲ್ಸನ್ ಏರ್‌ಪೋರ್ಟಿನಿಂದ ಮಾರಾಕ್ಕೆ ಒಂದೇ ಎಂಜಿನ್ನಿನ ಸಣ್ಣ ವಿಮಾನ. ಅಲ್ಲಿ ಕೈಚೀಲ, ದೊಡ್ಡ ಚೀಲ ಎಲ್ಲ ಸೇರಿ 15 ಕಿಲೋ, ಅದೂ ಮೆತ್ತನೆ ಬ್ಯಾಗೇ ಆಗಬೇಕು. ಸೂಟ್‌ಕೇಸನ್ನ ಹೋಟೆಲಲ್ಲಿ ಬಿಟ್ಟು ಖುಷಿಯಾಗಿ ಹೋದೆ. ಹನ್ನೆರಡು ಸೀಟಿನ ವಿಮಾನಕ್ಕೆ ತೂಕ ಅಂದ್ರೆ ತೂಕ. ಅಲ್ಲಿ ಜೇಬಿನ ಆಟ ಯಾರೂ ಹೇಳಿಕೊಡಲಿಲ್ಲ.

ವಾಪಸ್ ಬರುವಾಗ ನೈರೋಬಿಯ ದೊಡ್ಡ ಏರ್‌ಪೋರ್ಟಿನ ಗೇಟಿನಲ್ಲಿ, ಹತ್ತೋ ಹೊತ್ತಿಗೆ, "ಬಿನ್ ತುಂಬಿದೆ" ಅಂತ ನನ್ನ ಬ್ಯಾಗಿಗೂ ಟ್ಯಾಗ್ ಕಟ್ಟಿದರು. ವಾದ ಮಾಡಿದರೆ ವಿಮಾನ ಬಿಟ್ಟು ಹೋಗುತ್ತೆ, ಸೋಮವಾರ ಆಫೀಸು. ಕ್ಯಾಮೆರಾ, ಸಣ್ಣ ಲೆನ್ಸು, ಲ್ಯಾಪ್‌ಟಾಪು ತೆಗೆದುಕೊಂಡೆ. ದೊಡ್ಡ ಲೆನ್ಸು ಯಾವ ಜೇಬಿಗೂ ಹಿಡಿಯಲ್ಲ, ಒಳಗೇ ಉಳಿಯಿತು. ಬ್ಯಾಗಲ್ಲಿ ನಾಲ್ಕು ಬಿಡಿ ಬ್ಯಾಟರಿ, ಒಂದು ಪವರ್ ಬ್ಯಾಂಕ್ ಇದ್ದವು. ಅದನ್ನ ತೆಗೆದದ್ದು ನಾನೇ. "ಬ್ಯಾಟರಿ ಇದೆಯಾ" ಅಂತ ಒಬ್ಬರೂ ಕೇಳಲಿಲ್ಲ. ಹೋಗುವಾಗ ಗ್ರಾಂ ಲೆಕ್ಕದಲ್ಲಿ ತೂಗಿದ ಅದೇ ಕಂಪನಿ, ನಿಜವಾಗಿ ಬೆಂಕಿ ಹತ್ತಿಸಬಲ್ಲ ವಸ್ತುವಿನ ಬಗ್ಗೆ ಬಾಯಿ ಬಿಡಲಿಲ್ಲ.

ಮನೆಗೆ ಬಂದು ನೋಡಿದರೆ 200-500ರ ಮೌಂಟು ಸೊಟ್ಟಗಾಗಿದೆ, ಆಟೋಫೋಕಸ್ ಸತ್ತಿದೆ. ರಿಪೇರಿಗೆ 31 ಸಾವಿರ ಅಂದರು.

ಇದೊಂದು ವಿಷಯ ದಯವಿಟ್ಟು ನೆನಪಿಟ್ಟುಕೊಳ್ಳಿ. ಅಂತರರಾಷ್ಟ್ರೀಯ ಪ್ರಯಾಣಕ್ಕೆ 1999ರ ಮಾಂಟ್ರಿಯಲ್ ಒಪ್ಪಂದ ಇದೆ, ಭಾರತ 2009ರಲ್ಲಿ ಸೇರಿದೆ. ಕಂಪನಿಯ ವಶದಲ್ಲಿದ್ದಾಗ ಸಾಮಾನು ಹಾಳಾದರೆ ಅದು ಅವರ ಹೊಣೆ. 2024ರ ಡಿಸೆಂಬರ್ 28ರಿಂದ ಒಬ್ಬರಿಗೆ ಗರಿಷ್ಠ 1519 ಎಸ್‌ಡಿಆರ್, ಅಂದರೆ ಸುಮಾರು 2000 ಡಾಲರ್. ಹಾಳಾಗಿದ್ದರೆ ಬ್ಯಾಗು ಸಿಕ್ಕಿದ 7 ದಿನದೊಳಗೆ ಬರಹದಲ್ಲಿ ದೂರು ಕೊಡಬೇಕು, ಬಾಯಿಮಾತು ಸಾಲದು. ಇನ್ನು 26ನೇ ವಿಧಿ: ಈ ಹೊಣೆಯಿಂದ ಜಾರಿಕೊಳ್ಳಲು ಕಂಪನಿ ತನ್ನ ಷರತ್ತಿನಲ್ಲಿ ಏನು ಬರೆದುಕೊಂಡರೂ ಅದಕ್ಕೆ ಬೆಲೆ ಇಲ್ಲ.

ನಾನು ಮೂರನೇ ದಿನ ಬರೆದೆ. ಹದಿನೈದು ದಿನಕ್ಕೆ ಉತ್ತರ ಬಂತು. ಕ್ಯಾಮೆರಾ ಸಾಮಗ್ರಿಯನ್ನ ಚೆಕ್-ಇನ್ ಬ್ಯಾಗಿನಲ್ಲಿ ಇಡಬಾರದೆಂದು ನಮ್ಮ ಷರತ್ತಿನಲ್ಲಿ ಸ್ಪಷ್ಟವಾಗಿದೆ, ಆದ್ದರಿಂದ ವಿಷಾದಿಸುತ್ತೇವೆ, ಅಂತ. ಅಲ್ಲ ಸ್ವಾಮಿ, ನಾನೆಲ್ಲಿ ಇಟ್ಟೆ? ಟ್ಯಾಗ್ ಕಟ್ಟಿ ಕಿತ್ತುಕೊಂಡವರು ನೀವು! ಅದನ್ನೇ ಟ್ಯಾಗಿನ ಫೋಟೋ ಸಮೇತ, 26ನೇ ವಿಧಿಯನ್ನೂ ಸೇರಿಸಿ ಮತ್ತೆ ಬರೆದಿದ್ದೀನಿ. ಅದಕ್ಕೂ ಹೀಗೇ ಬಂದರೆ ಗ್ರಾಹಕರ ಆಯೋಗಕ್ಕೆ ಹೋಗೋದು ಅಂತ ತೀರ್ಮಾನ ಮಾಡಿದ್ದೀನಿ. ಮನೆಯಲ್ಲಿ ಅಮ್ಮ "ಮೂವತ್ತೊಂದು ಸಾವಿರಕ್ಕೆ ಕೋರ್ಟು ಕಛೇರಿ ಯಾಕೋ" ಅಂತಿದ್ದಾರೆ.

ಡಿಸೆಂಬರಿನಲ್ಲಿ ಶ್ರೀಲಂಕಾಕ್ಕೆ ಹೋಗೋದಿದೆ. ಜಾಕೆಟ್ ಮನೆಯಲ್ಲೇ ಬಿಟ್ಟು ಹೋಗ್ತೀನಿ, ಚೀಟಿ ಕೇಳ್ತೀನಿ. ವೈಲ್ಡ್‌ಬೀಸ್ಟ್ ನದಿ ದಾಟುವ ಫೋಟೋಗಳು ಈ ಶನಿವಾರ, ಖಂಡಿತ :-)