ಉರುಳದ ಚಕ್ರ

ಅಮೆರಿಕದ ರಾಬರ್ಟ್ ಜೋರ್ಡನ್ನರು 1990ರಲ್ಲಿ ಆರಂಭಿಸಿದ ಅದ್ಭುತ ಕಾದಂಬರಿಗಳ ಮಾಲೆಗೆ 'ದಿ ವ್ಹೀಲ್ ಆಫ್ ಟೈಮ್', ಅಂದರೆ ಕಾಲಚಕ್ರ, ಎಂದು ಹೆಸರು. ಅದರ ಹತ್ತನೆಯ ಸಂಪುಟ 'ಕ್ರಾಸ್‌ರೋಡ್ಸ್ ಆಫ್ ಟ್ವೈಲೈಟ್' 2003ರಲ್ಲಿ ಹೊರಬಂದಾಗ ಓದುಗರು ಗೊಣಗಿದರು. ಮಾಲೆ ಮುಗಿದು ವರ್ಷಗಳು ಕಳೆದಿರುವ ಈಗ, ಆ ಗೊಣಗಾಟವೆಲ್ಲ ಅವಸರದ ಫಲ, ಒಟ್ಟಿಗೆ ಓದಿದರೆ ಪುಸ್ತಕ ಸೊಗಸಾಗಿಯೇ ಇದೆ ಎಂಬ ವಾದ ಹುಟ್ಟಿದೆ. ನನ್ನ ತರಗತಿಯ ಜಾಣ ಹುಡುಗರೂ ಇದನ್ನೇ ಹೇಳುತ್ತಾರೆ. ನಾನು ಒಪ್ಪಲಾರೆ.

ಒಂಬತ್ತನೆಯ ಸಂಪುಟದ ಕೊನೆಯಲ್ಲಿ ನಾಯಕ ರಾಂಡ್, ಗಂಡಸರ ಮಂತ್ರಶಕ್ತಿಗೆ ಮೂರು ಸಾವಿರ ವರ್ಷಗಳಿಂದ ಅಂಟಿದ್ದ ವಿಷವನ್ನು ತೊಳೆಯುತ್ತಾನೆ. ಆ ಶಕ್ತಿಯನ್ನು ಮುಟ್ಟಿದ ಗಂಡಸರು ಹುಚ್ಚರಾಗುತ್ತಿದ್ದ ಲೋಕವದು. ಮುಂದೇನೆಂದು ಓದುಗ ಎರಡು ವರ್ಷ ಕಾದ. ಸಿಕ್ಕಿದ್ದೇನು? ಆ ಹೊತ್ತಿನಲ್ಲಿ ಉಳಿದವರು ಎಲ್ಲೆಲ್ಲಿದ್ದರು, ದೂರದ ಆ ಶಕ್ತಿಯ ಸುಳಿವು ಹತ್ತಿ ಹೇಗೆ ಬೆರಗಾದರು ಎಂಬುದರ ವರದಿ! ರಾಂಡ್ ಅಲ್ಪಹೊತ್ತು ಮುಖ ತೋರಿಸಿ ಮರೆಯಾಗುತ್ತಾನೆ. ಅಪಹೃತಳಾದ ಹೆಂಡತಿಯನ್ನು ಹುಡುಕಹೊರಟ ಪೆರಿನ್‌ಗೆ ಪುಸ್ತಕ ಮುಗಿದರೂ ಹೆಂಡತಿಯಿಲ್ಲ, ಎಲೇನ್‌ಗೆ ಸಿಂಹಾಸನವಿಲ್ಲ. ನಡುವೆ ಸ್ನಾನ, ಚಹ, ಉಡುಪಿನ ಕಸೂತಿ. ಒಂದೂರಿನಲ್ಲಿ ಪೆರಿನನ ಕಡೆಯವರು ನುಸಿ ಹಿಡಿದ ಧಾನ್ಯವನ್ನು ಕೊಂಡು ತೂರಿಸುತ್ತಾರೆ. ಆ ಮೊರವನ್ನು ಹಸ್ತಪ್ರತಿಯ ಕಡೆಗೂ ಒಯ್ಯಬಾರದಾಗಿತ್ತೆ?

ಸೆರೆಸಿಕ್ಕ ಶತ್ರುವಿನ ಕೈ ಕತ್ತರಿಸಿ, ತನ್ನ ಕ್ರೌರ್ಯಕ್ಕೆ ತಾನೇ ಬೆಚ್ಚಿ, ಪೆರಿನ್ ಕೊಡಲಿಯನ್ನು ಬಿಟ್ಟುಹೋಗುವ ಪ್ರಸಂಗ ಮಾತ್ರ ನಿಜಕ್ಕೂ ಘನವಾದದ್ದು. ಆ ಒಂದು ಅಧ್ಯಾಯಕ್ಕೆ ಸುಮಾರು ಏಳುನೂರು ಪುಟಗಳ ಸುಂಕ ತೆರಬೇಕೆ?

ಅದ್ಭುತ ಕಥೆಗೆ ವಿಸ್ತಾರವೇ ಜೀವ, ಕನ್ನಡ ಮೇಷ್ಟರಾಗಿ ನೀವು ವರ್ಣನೆಯನ್ನು ಹಳಿಯಬಹುದೆ ಎಂದು ಕೇಳುವವರಿದ್ದಾರೆ. ಬಾಣನ 'ಕಾದಂಬರಿ'ಯನ್ನೇ ನೋಡೋಣ. ಈ ಸಾಹಿತ್ಯಪ್ರಕಾರಕ್ಕೆ ನಾವು ಇಟ್ಟುಕೊಂಡಿರುವುದು ಅದರ ಹೆಸರನ್ನೇ. ಅಲ್ಲಿಯೂ ವರ್ಣನೆ ಮುಗಿಯಲೊಲ್ಲದು. ಆದರೆ ಗಿಣಿಯೊಂದು ಬಾಯಿ ತೆರೆದರೆ ಜನ್ಮಾಂತರಗಳ ಬಾಗಿಲು ತೆರೆಯುತ್ತದೆ. ಕಥೆ ಹಿಂದಕ್ಕೆ ಹೋದಾಗಲೆಲ್ಲ ನಾವರಿಯದ ಗುಟ್ಟೊಂದು ಹೊರಬೀಳುತ್ತದೆ. ಜೋರ್ಡನ್ನರು ಹಿಂದಕ್ಕೆ ಹೋಗಿ ತರುವುದು ನಮಗೆ ಮೊದಲೇ ತಿಳಿದಿದ್ದ ಸುದ್ದಿಯನ್ನು.

ಒಟ್ಟಿಗೆ ಓದಬೇಕೆನ್ನುವವರ ವಾದ ಇನ್ನೂ ದುರ್ಬಲ. ಮುಂದಿನ ಸಂಪುಟ ಪಕ್ಕದಲ್ಲೇ ಇದೆಯೆಂಬ ಧೈರ್ಯದಿಂದ ಬೇಸರವನ್ನು ನುಂಗುವುದು ಓದುಗನ ಸಹನೆ. ಅದನ್ನು ಗ್ರಂಥದ ಗುಣಗಳ ಪಟ್ಟಿಗೆ ಸೇರಿಸಲಾಗದು. ಮೇಲಾಗಿ ಆಯುಷ್ಯಕ್ಕೆ ಮಿತಿಯುಂಟು. 2005ರಲ್ಲಿ ಹನ್ನೊಂದನೆಯ ಸಂಪುಟದಲ್ಲಿ ಕಥೆಗೆ ಮತ್ತೆ ಚುರುಕು ಕೊಟ್ಟ ಜೋರ್ಡನ್ನರು 2007ರಲ್ಲಿ ತೀರಿಕೊಂಡರು. ಅವರ ಟಿಪ್ಪಣಿಗಳನ್ನು ಆಧರಿಸಿ ಬ್ರ್ಯಾಂಡನ್ ಸ್ಯಾಂಡರ್ಸನ್ನರು 2009ರಿಂದ 2013ರೊಳಗೆ ಇನ್ನು ಮೂರು ಸಂಪುಟಗಳಲ್ಲಿ ಕಥೆ ಮುಗಿಸಿದರು. ಬಾಣನ ಕೃತಿಯನ್ನೂ ಮಗನೇ ಪೂರೈಸಬೇಕಾಯಿತು, ನಿಜ. ಆದರೆ ಬಾಣ ದಾರಿಯ ನಡುವೆ ಚಾಪೆ ಹಾಸಿ ಕುಳಿತವನಲ್ಲ. ಜೋರ್ಡನ್ನರು ಮಾಲೆಯ ಕೊನೆಯ ದೃಶ್ಯವನ್ನು ತಾವೇ ಬರೆದಿಟ್ಟಿದ್ದರು. ಅಲ್ಲಿಗೆ ಮುಟ್ಟುವ ದಾರಿಯನ್ನು ಪರರ ಕೈಗೆ ಬಿಟ್ಟುಹೋಗಬೇಕಾಯಿತಲ್ಲ, ಅದನ್ನು ನೆನೆದಾಗಲೆಲ್ಲ ಹತ್ತನೆಯ ಸಂಪುಟ ನುಂಗಿದ ಎರಡು ವರ್ಷಗಳನ್ನು ನಾನು ಲೆಕ್ಕಕ್ಕೆ ಹಿಡಿಯದೆ ಇರಲಾರೆ.