ಏಳು ವರ್ಷಕ್ಕೆ ಏಳೇ ಮಕ್ಕಳು

ಹೋದ ವರ್ಷ ಮಗಳ ಆರನೇ ಹುಟ್ಟುಹಬ್ಬಕ್ಕೆ ಹಾಲ್ ಹಿಡಿದಿದ್ದೆವು. ದೊಡ್ಡವರು, ಮಕ್ಕಳು ಸೇರಿ 45 ಜನ. ಹಿಂದಿನ ರಾತ್ರಿ ಎರಡು ಗಂಟೆಯವರೆಗೆ ನಾನು ಬಿಸಿಬೇಳೆಬಾತಿಗೆ ತರಕಾರಿ ಹೆಚ್ಚುತ್ತಿದ್ದರೆ ನಮ್ಮವರು ಬಲೂನ್ ಊದುತ್ತಿದ್ದರು. ಊಟ ಚೆನ್ನಾಗಿತ್ತು ಎಂದು ಎಲ್ಲರೂ ಹೇಳಿದರು. ಆಮೇಲೆ ಫೋಟೋ ನೋಡುತ್ತಾ ಮಗಳು, "ಅಮ್ಮ, ಇದರಲ್ಲಿ ನೀನೆಲ್ಲಿ?" ಅಂದಳು. ಹುಡುಕಿದೆ. ಒಂದೇ ಒಂದರಲ್ಲಿದ್ದೆ, ಅದೂ ಬೆನ್ನು ಮಾಡಿಕೊಂಡು, ಕೈಯಲ್ಲಿ ಸೌಟು.

ಈ ಸಲ ಮನೆಯಲ್ಲೇ ಮಾಡೋಣ ಎಂದು ಆವತ್ತೇ ನಿರ್ಧರಿಸಿದೆ. ಜರ್ಮನಿಯಲ್ಲಿ ಇಷ್ಟು ವರ್ಷ ಇದ್ದೂ ಇಲ್ಲಿನವರ ಒಂದು ಒಳ್ಳೆಯ ಪದ್ಧತಿಯನ್ನು ನಾನು ಗಮನಿಸಿಯೇ ಇರಲಿಲ್ಲ. ಮಗುವಿಗೆ ಎಷ್ಟು ವರ್ಷ ತುಂಬಿತೋ ಅಷ್ಟೇ ಮಕ್ಕಳನ್ನು ಕರೆಯಬೇಕು ಎಂಬುದು ಇಲ್ಲಿನ ಅನೇಕ ಮನೆಗಳ ಲೆಕ್ಕ. ಆಮಂತ್ರಣದಲ್ಲಿ ಮುಗಿಯುವ ಸಮಯವನ್ನೂ ಬರೆಯುತ್ತಾರೆ. ಅಪ್ಪ ಅಮ್ಮಂದಿರು ಮಗುವನ್ನು ಬಾಗಿಲಲ್ಲಿ ಬಿಟ್ಟು ಹೋಗುತ್ತಾರೆ, ಸಮಯಕ್ಕೆ ಸರಿಯಾಗಿ ಬಂದು ಕರೆದೊಯ್ಯುತ್ತಾರೆ. ಮೊದಮೊದಲು ನನಗಿದು ಜಿಪುಣತನ ಅನ್ನಿಸಿತ್ತು. ಬಂದವರಿಗೆ ಕಾಫಿಯನ್ನೂ ಕೊಡದೆ ಕಳಿಸುವುದಾ!

ಮಗಳೇ ಏಳು ಹೆಸರು ಬರೆದಳು. ಹುಟ್ಟುಹಬ್ಬ ಬುಧವಾರ ಬಂದಿತ್ತು. ದಿನಕ್ಕೆ ಮುಂಚೆ ಶುಭಾಶಯ ಹೇಳುವುದು ಇಲ್ಲಿ ಅಪಶಕುನ, ಆದ್ದರಿಂದ ಪಾರ್ಟಿ ಅದರ ನಂತರದ ಶನಿವಾರ, ಮಧ್ಯಾಹ್ನ 3ರಿಂದ 6. ಬುಧವಾರ ಬೆಳಿಗ್ಗೆ ನಮ್ಮ ಪಾಡಿಗೆ ನಾವು ಎಣ್ಣೆಸ್ನಾನ, ಆರತಿ, ಶಾವಿಗೆ ಪಾಯಸ, ಊರಿನ ಅಜ್ಜಿಗೆ ವಿಡಿಯೋ ಕಾಲ್ ಎಲ್ಲ ಮುಗಿಸಿದೆವು. ಎರಡನ್ನೂ ಒಂದೇ ದಿನಕ್ಕೆ ತುರುಕದೇ ಇದ್ದದ್ದೇ ಅರ್ಧ ನೆಮ್ಮದಿ.

ಅಡುಗೆ ವಿಷಯ ಹೆಚ್ಚಿಲ್ಲ. ಶುಕ್ರವಾರವೇ ಮಾಡಿಟ್ಟ ಮಾರ್ಬಲ್ ಕೇಕ್, ಹೆಚ್ಚಿದ ಹಣ್ಣು, ಪಾಪ್‌ಕಾರ್ನ್, ಹೊರಡುವ ಮುಂಚೆ ಓವನ್‌ನಲ್ಲಿ ಬೇಯಿಸಿದ ಫ್ರೈಸ್. ಕುಡಿಯಲು ಸೇಬಿನ ರಸಕ್ಕೆ ಸೋಡಾ ಬೆರೆಸಿದ ಆಪ್ಫೆಲ್‌ಶೋರ್ಲೆ. ಅಲರ್ಜಿ ಇದೆಯೇ ಎಂದು ಆಮಂತ್ರಣದಲ್ಲೇ ಕೇಳಿಬಿಡಿ. ಸಸ್ಯಾಹಾರಿಗಳು ಗಮನಿಸಿ, ಗಮ್ಮಿ ಮಿಠಾಯಿಗಳಲ್ಲಿ ಹಲವಕ್ಕೆ ಹಂದಿಯ ಜೆಲಾಟಿನ್ ಹಾಕಿರುತ್ತಾರೆ, ಪೊಟ್ಟಣದ ಹಿಂಬದಿ ಓದಿಯೇ ಕೊಳ್ಳಿ.

ಆಟಕ್ಕೆ ಮೊದಲು ಟೋಪ್ಫ್‌ಶ್ಲಾಗನ್. ಒಂದು ಪಾತ್ರೆಯನ್ನು ಬೋರಲು ಹಾಕಿ ಅದರಡಿ ಮಿಠಾಯಿ ಇಡಬೇಕು. ಕಣ್ಣಿಗೆ ಬಟ್ಟೆ ಕಟ್ಟಿದ ಮಗು ಮರದ ಸೌಟಿನಿಂದ ನೆಲ ಬಡಿಯುತ್ತಾ ಅಂಬೆಗಾಲಿಟ್ಟು ಹುಡುಕುತ್ತದೆ. ಹತ್ತಿರ ಹೋದರೆ ಉಳಿದವರು "ಬಿಸಿ", ದೂರ ಸರಿದರೆ "ತಣ್ಣಗೆ" ಎಂದು ಕೂಗುತ್ತಾರೆ. ಪಾತ್ರೆ ಢಣ್ ಎಂದಾಗಿನ ಗದ್ದಲ ಹೇಳತೀರದು. (ಕೆಳಗಿನ ಮನೆಯವರಿಗೆ ಹಿಂದಿನ ದಿನವೇ ಚೀಟಿ ಬರೆದು, ಜೊತೆಗೆ ಒಂದು ಚಾಕಲೇಟ್ ಇಟ್ಟು ಬಂದಿದ್ದೆ.)

ಅದು ಅರ್ಧ ಗಂಟೆಯಲ್ಲಿ ಮುಗಿದುಹೋಯಿತು. ಇನ್ನೇನು ಆಡಿಸುವುದು ಎಂದು ನಾನು ಯೋಚಿಸುತ್ತಿರುವಾಗ ಮಗಳು ನೆಲಕ್ಕೆ ಟೇಪ್ ಅಂಟಿಸಿ ಒಂದು ಗೆರೆ ಮಾಡಿದಳು. ಕನ್ನಡ ತರಗತಿಯಲ್ಲಿ ಕಲಿತ ಕೆರೆ-ದಡ! "ಕೆರೆ" ಅಂದರೆ ಒಳಗೆ ಹಾರು, "ದಡ" ಅಂದರೆ ಹೊರಗೆ. ಇವಳು ಶಾಲೆಯ ಗೇಟಿನ ಹತ್ತಿರ ನಾನು ಕನ್ನಡದಲ್ಲಿ ಮಾತಾಡಿದರೆ "ಅಮ್ಮ, ಮೆಲ್ಲಗೆ" ಅನ್ನುವ ಹುಡುಗಿ. ಈಗ ಕುರ್ಚಿ ಹತ್ತಿ ನಿಂತು, "ಡಾಡಾ ಅಲ್ಲ, ದಡ!" ಎಂದು ಏಳೂ ಮಕ್ಕಳನ್ನು ತಿದ್ದುತ್ತಿದ್ದಳು. ನಾನೂ ಹಾರಿದೆ, ಎರಡನೇ ಸುತ್ತಿಗೇ ಔಟಾದೆ. ಒಬ್ಬಳೇ ಹಾಲ್‌ನಲ್ಲಿ ಸೌಟು ಹಿಡಿದು ನಿಂತಿದ್ದರೆ ಇದನ್ನು ನೋಡುತ್ತಲೇ ಇರಲಿಲ್ಲ.

ಎಲ್ಲ ಸುಸೂತ್ರ ಎಂದುಕೊಳ್ಳಬೇಡಿ. ನಮ್ಮವರು ಫೋಟೋವನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿಬಿಟ್ಟರು. ರಾತ್ರಿಯೇ ಕನ್ನಡದ ಗೆಳತಿಯೊಬ್ಬರ ಫೋನ್. "ಏನ್ರೀ, ಪುಟ್ಟಿ ಹುಟ್ಟುಹಬ್ಬ ಆಯ್ತಂತೆ?" ಹೋದ ವರ್ಷ ಹಾಲ್‌ಗೆ ಕುರ್ಚಿ ಹೊತ್ತವರಲ್ಲಿ ಅವರೂ ಒಬ್ಬರು. "ಅವಳ ಶಾಲೆಯ ಏಳು ಮಕ್ಕಳನ್ನಷ್ಟೇ ಕರೆದ್ವಿ" ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. "ಕರೀದೇ ಇದ್ದದ್ದಕ್ಕಲ್ಲ. ಮೊದಲೇ ಒಂದು ಮಾತು ಹೇಳಬಹುದಿತ್ತು" ಅಂದರು. ನಿಜ, ಹೇಳಬಹುದಿತ್ತು. ಒಬ್ಬರನ್ನು ಕರೆದರೆ ಎಲ್ಲರನ್ನೂ ಕರೆಯಬೇಕು ಅನ್ನುವ ನಮ್ಮ ಭಯವೇ ಹಾಲ್ ಹಿಡಿಸುತ್ತದೆ, ಬಾಯಿಯನ್ನೂ ಕಟ್ಟಿಸುತ್ತದೆ. ಚಿಕ್ಕದಾಗಿ ಮಾಡುವವರು ಎರಡು ವಾರ ಮುಂಚೆಯೇ ನಾಲ್ಕು ಮನೆಗೆ ಫೋನ್ ಮಾಡಿ ಹೇಳಿಬಿಡಿ. ಕೇಕ್‌ಗಿಂತ ಮುಂಚಿನ ಕೆಲಸ ಅದು.

ಮರುದಿನ ಭಾನುವಾರದ ಕನ್ನಡ ತರಗತಿಗೆ ಹಂಚಲು ಕೊಬ್ಬರಿ ಮಿಠಾಯಿ ಮಾಡಿಟ್ಟಿದ್ದೆ. ಮಗಳು ಡಬ್ಬ ಹಿಡಿದು ಮೊದಲು ಅವರ ಹತ್ತಿರವೇ ಹೋದಳು. ಅವರು ಎರಡು ತೆಗೆದುಕೊಂಡು, "ನಿಮ್ಮಮ್ಮ ಸಕ್ಕರೆ ಜಾಸ್ತಿ ಹಾಕಿದಾಳೆ" ಅಂದರು.