ಚುಚ್ಚಿಸೋ ಮೊದಲು ಮದ್ದಿನ ಹೆಸರು ಕೇಳಿ

ನಮ್ಮ ಕೆಂಚ ನಿಮಗೆಲ್ಲ ಗೊತ್ತು. ಹಾರಂಗಿ ಡ್ಯಾಂ ನೋಡೋಕೆ ಅಂತ ಬಂದ ನೆಂಟರು ನಮ್ಮನೆ ಕಡೆ ತಿರುಗಿದ್ರೆ ಗೇಟಲ್ಲೇ ತಡೆದು, ಬ್ಯಾಗೆಲ್ಲ ಮೂಸಿ, ಆಮೇಲೆ ತಾನೇ ಯಜಮಾನ ಅನ್ನೋ ಹಾಗೆ ಮುಂದೆ ಮುಂದೆ ನಡ್ಕೊಂಡು ಒಳಗೆ ಕರ್ಕೊಂಡು ಬರ್ತಿದ್ದ. ಈಗ ಅವನಿಗೆ ಹನ್ನೊಂದು ವರ್ಷ. ಗೇಟಿನ ಸದ್ದಾದ್ರೆ ತಲೆ ಎತ್ತಿ ನೋಡ್ತಾನೆ, ಏಳೋದಿಲ್ಲ. ಏಳಲೇಬೇಕಾದ್ರೆ ಮುಂಗಾಲು ಊರಿ, ಸೊಂಟ ಎಳ್ಕೊಂಡು, ಎರಡು ಮೂರು ಸಲ ಒದ್ದಾಡಬೇಕು. ಈ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಅಂಗಳಕ್ಕೆ ಇಳಿಯೋಕಾಗದೆ ಮಲಗಿದ್ದಲ್ಲೇ ಉಚ್ಚೆ ಮಾಡ್ಕೊಂಡ. ನನ್ನ ಮುಖ ನೋಡದೆ ಗೋಡೆ ಕಡೆ ತಿರುಗಿಕೊಂಡ. ಅವತ್ತಿಂದ ನಮ್ಮನೇಲಿ ಒಂದೇ ಚರ್ಚೆ: ಇಂಜೆಕ್ಷನ್ ಹಾಕಿಸೋದಾ, ಬೇಡ್ವಾ?

ನಮ್ಮನೆಯವರದ್ದು ಒಂದೇ ಹಟ. "ಒಂದು ಸೂಜಿ ಹಾಕ್ಸಿದ್ರೆ ನಾಳೆಯಿಂದ ಓಡ್ತಾನೆ. ಮೇಲಿನ ತೋಟದ ನಾಯಿ ಓಡ್ಲಿಲ್ವಾ?" ಅತ್ತೆಯವರದ್ದು ಇನ್ನೊಂದು. "ನನ್ನ ಮಂಡಿಗೆ ಹತ್ತು ವರ್ಷದಿಂದ ನೋವು. ನನಗ್ಯಾರು ಸೂಜಿ ಹಾಕ್ಸಿದ್ರು?" ನಾನು ಮಾತ್ರ ಬಾಯಿ ಬಿಡ್ತಿರಲಿಲ್ಲ. ಯಾಕೆ ಅಂತ ಇವತ್ತು ಹೇಳ್ತೀನಿ.

ಕೆಂಚನಿಗಿಂತ ಮುಂಚೆ ನಮ್ಮಲ್ಲಿ ಮೋತಿ ಅಂತ ಇತ್ತು. ಅದಕ್ಕೂ ವಯಸ್ಸಾದಾಗ ಇದೇ ಕಾಲು ನೋವು. ಅತ್ತೆಯವರ ಮಂಡಿ ನೋವಿನ ಡೈಕ್ಲೋಫೆನಾಕ್ ಮಾತ್ರೆ ಮನೇಲಿತ್ತು. ಅರ್ಧ ಮುರಿದು ಅನ್ನದಲ್ಲಿ ಕಲಸಿ ಮೂರು ದಿನ ಕೊಟ್ಟೆ. ನಾಲ್ಕನೇ ದಿನ ವಾಂತಿಯಲ್ಲಿ ರಕ್ತ, ಹೇಲು ಟಾರಿನ ಹಾಗೆ ಕಪ್ಪು. ಉಳೀಲಿಲ್ಲ. ಕೊಟ್ಟದ್ದು ನಾನೇ, ಪ್ರೀತಿಯಿಂದಲೇ ಕೊಟ್ಟದ್ದು. ಮನುಷ್ಯರ ಡೈಕ್ಲೋಫೆನಾಕ್, ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡ್ತವೆ, ಕಿಡ್ನಿ ಕೆಡಿಸ್ತವೆ ಅಂತ ಆಮೇಲೆ ತಿಳೀತು. ಇದೇ ಡೈಕ್ಲೋಫೆನಾಕ್ ಅನ್ನು ಪ್ರಾಣಿಗಳಿಗೆ ಕೊಡಬಾರದು ಅಂತ ನಮ್ಮ ಸರ್ಕಾರ 2006ರಲ್ಲೇ ನಿಲ್ಲಿಸಿತ್ತು. ಅದು ನಾಯಿಗಳಿಗೋಸ್ಕರ ಅಲ್ಲ, ರಣಹದ್ದುಗಳಿಗೋಸ್ಕರ. ಆ ಮದ್ದು ಕೊಟ್ಟ ದನ ಸತ್ತರೆ, ಅದನ್ನು ತಿಂದ ಹದ್ದುಗಳು ಕಿಡ್ನಿ ಹೋಗಿ ಸಾಯ್ತಿದ್ವು. ರಾಮನಗರದ ಬೆಟ್ಟದಲ್ಲಿ ಈಗ ಕೈಬೆರಳೆಣಿಕೆಯಷ್ಟು ಹದ್ದು ಉಳಿದಿರೋದಕ್ಕೆ ಇದೂ ಒಂದು ಕಾರಣ. ಒಂದು ಮೈಗೆ ಮದ್ದಾದದ್ದು ಇನ್ನೊಂದು ಮೈಗೆ ವಿಷ.

ಆ ಭಯಕ್ಕೆ ಕೆಂಚನಿಗೆ ಎರಡು ವರ್ಷ ಏನೂ ಕೊಡಲಿಲ್ಲ. ಬಿಸಿ ಎಣ್ಣೆ ಉಜ್ಜಿದೆ, ಒಲೆ ಹತ್ತಿರ ಗೋಣಿಚೀಲ ಹಾಸಿದೆ, ಅಷ್ಟೇ. ನಾನು ಜಾಣೆ, ನಾಯಿಯನ್ನು ಕಾಪಾಡ್ತಿದ್ದೀನಿ ಅಂದ್ಕೊಂಡಿದ್ದೆ. ಅವನು ಗೋಡೆ ಕಡೆ ತಿರುಗಿದ ದಿನ ಅರ್ಥವಾಯ್ತು, ನಾನು ಕಾಪಾಡಿದ್ದು ನನ್ನ ಮನಸ್ಸನ್ನ. ನೋವು ತಿಂದದ್ದು ಅವನು. ಮದ್ದಿನಿಂದ ಆಗೋ ಅಪಾಯ ಲೆಕ್ಕ ಹಾಕ್ತೀವಿ, ಮದ್ದು ಕೊಡದೇ ಇದ್ದರೆ ಆಗೋ ಅಪಾಯವನ್ನು ಯಾರೂ ಲೆಕ್ಕಕ್ಕೆ ಹಿಡಿಯೋಲ್ಲ. ನಡೆಯದ ನಾಯಿಗೆ ತೊಡೆಯ ಮಾಂಸ ಕರಗುತ್ತೆ, ಮೈ ಊದುತ್ತೆ, ಊದಿದ ಭಾರ ಮತ್ತೆ ಅದೇ ಕೀಲಿನ ಮೇಲೆ.

ಹಾಗಾದ್ರೆ ಸೂಜಿ ಹಾಕಿಸಿಬಿಡೋದಾ? ಇಲ್ಲೇ ನಮ್ಮ ಹೆಂಗಸರು, ಗಂಡಸರು ಎಲ್ಲ ಎಡವೋದು. "ನೋವಿನ ಸೂಜಿ" ಅನ್ನೋದು ಒಂದು ಮದ್ದಲ್ಲ. ನನಗೆ ತಿಳಿದ ಮಟ್ಟಿಗೆ ಮೂರು ಬಗೆ ಇದೆ, ಮೂರರ ಗುಣವೂ ಬೇರೆ ಬೇರೆ.

ಮೊದಲನೇದು ಸ್ಟಿರಾಯ್ಡ್. ಇವತ್ತು ಚುಚ್ಚಿದ್ರೆ ನಾಳೆ ನಾಯಿ ಎದ್ದು ಓಡುತ್ತೆ. ಮೇಲಿನ ತೋಟದ ನಾಯಿ ಓಡಿದ್ದು ಬಹುಶಃ ಇದರಿಂದಲೇ. ಆದರೆ ಬಕೆಟ್ಟುಗಟ್ಟಲೆ ನೀರು ಕುಡಿಯುತ್ತೆ, ಮನೆಯೆಲ್ಲ ಉಚ್ಚೆ, ಹಸಿವು ತಡೆಯೋಲ್ಲ, ತೂಕ ಏರುತ್ತೆ. ಪದೇ ಪದೇ ಹಾಕಿಸಿದ್ರೆ ಸಕ್ಕರೆ ಕಾಯಿಲೆ, ಸೋಂಕು ಬರಬಹುದು. ಇದರ ಜೊತೆಗೆ ಬೇರೆ ನೋವಿನ ಮಾತ್ರೆ ಕೊಟ್ಟರಂತೂ ಹೊಟ್ಟೆಯಲ್ಲಿ ತೂತೇ ಬೀಳಬಹುದು. ಕೆಲವು ಕಾಯಿಲೆಗೆ ಇದು ಬೇಕೇ ಬೇಕು. ಮುದಿ ಕೀಲಿಗೆ ತಿಂಗಳು ತಿಂಗಳು ಹಾಕಿಸೋ ಮದ್ದು ಮಾತ್ರ ಅಲ್ಲ.

ಎರಡನೇದು ಮೆಲಾಕ್ಸಿಕಾಮ್ ಥರದ್ದು. ಮೊದಲ ದಿನ ಸೂಜಿ, ಆಮೇಲೆ ಬಾಯಿಗೆ ಸಿರಪ್ಪೋ ಮಾತ್ರೆಯೋ. ನಾಯಿಗಳಿಗೆ ತುಂಬಾ ವರ್ಷದಿಂದ ಕೊಡ್ತಿದ್ದಾರೆ, ರಣಹದ್ದಿಗೂ ಇದರಿಂದ ತೊಂದರೆ ಇಲ್ಲ. ಆದರೆ ತೂಕ ನೋಡಿ ಲೆಕ್ಕ ಹಾಕಿಯೇ ಕೊಡಬೇಕು, ಅಂದಾಜು ನಡೆಯೋಲ್ಲ. ಕಿಡ್ನಿ, ಲಿವರ್ ಹೇಗಿದೆ ಅಂತ ಮೊದಲೇ ರಕ್ತ ಪರೀಕ್ಷೆ ಮಾಡಿಸಬೇಕು. ವಾಂತಿ, ಕಪ್ಪು ಹೇಲು, ಊಟ ಬಿಡೋದು ಕಂಡರೆ ಅವತ್ತೇ ನಿಲ್ಲಿಸಿ ಡಾಕ್ಟ್ರಿಗೆ ಹೇಳಬೇಕು.

ಮೂರನೇದು ಹೊಸದು, ಅಮೆರಿಕಾದಲ್ಲಿರೋ ನನ್ನ ತಂಗಿ ಮಗಳು ಫೋನಲ್ಲಿ ಹೇಳಿದ್ದು. ಲಿಬ್ರೆಲಾ ಅಂತ ಹೆಸರು, ಒಳಗಿನ ಮದ್ದು ಬೆಡಿನ್ವೆಟ್‌ಮ್ಯಾಬ್. ತಿಂಗಳಿಗೊಂದು ಸಲ ಚರ್ಮದ ಕೆಳಗೆ ಚುಚ್ಚೋದು. ಯುರೋಪಿನಲ್ಲಿ 2020ರಲ್ಲಿ, ಅಮೆರಿಕಾದಲ್ಲಿ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಇದು ನೋವಿನ ಸಂದೇಶ ಹೊತ್ತುಕೊಂಡು ಹೋಗೋ ಒಂದು ಪ್ರೋಟೀನನ್ನೇ ಹಿಡಿದು ಕಟ್ಟಿಹಾಕುತ್ತೆ. ಮಾಮೂಲಿ ಮಾತ್ರೆಯ ಹಾಗೆ ಕಿಡ್ನಿ, ಲಿವರ್ ಮೇಲೆ ಭಾರ ಹಾಕೋಲ್ಲ. ಹಾಗಾಗಿ ಮೆಲಾಕ್ಸಿಕಾಮ್ ತಡೆಯದ ನಾಯಿಗಳಿಗೆ ಇದೊಂದು ದಾರಿ. ಅವಳ ಲ್ಯಾಬ್ರಡಾರ್ ಎರಡನೇ ಸೂಜಿ ಆದ ಮೇಲೆ ಮತ್ತೆ ಮೆಟ್ಟಿಲು ಹತ್ತುತಂತೆ. ಹೇಳ್ತಾ ಹೇಳ್ತಾ ಅತ್ತಳು ಹುಡುಗಿ.

ಆದರೆ ಅಮೆರಿಕಾದ ಔಷಧ ಇಲಾಖೆಯೇ 2024ರ ಡಿಸೆಂಬರಲ್ಲಿ ಪಶುವೈದ್ಯರಿಗೆಲ್ಲ ಪತ್ರ ಬರೆದು ಎಚ್ಚರಿಸಿತು. ಕೆಲವು ನಾಯಿಗಳಿಗೆ ನಡಿಗೆ ತೂರಾಡೋದು, ಫಿಟ್ಸ್, ಕಾಲಲ್ಲಿ ಶಕ್ತಿ ಹೋಗೋದು, ತುಂಬಾ ನೀರು ಕುಡಿಯೋದು, ಉಚ್ಚೆ ತಡೆಯೋಕಾಗದೇ ಇರೋದು, ಕೆಲವು ಸತ್ತದ್ದೂ ವರದಿಯಾಗಿತ್ತು. ವರದಿ ಬಂತು ಅಂದಮಾತ್ರಕ್ಕೆ ಮದ್ದೇ ಕಾರಣ ಅಂತಲ್ಲ, ಇವೆಲ್ಲ ಮೊದಲೇ ಮುದಿ ನಾಯಿಗಳು. ಲಕ್ಷಾಂತರ ನಾಯಿಗಳಿಗೆ ಹಾಕಿದ್ದೂ ಹೌದು. ಆದರೂ ತಳ್ಳಿಹಾಕೋ ಮಾತಲ್ಲ. ಇದೇ ಜಾತಿಯ ಮದ್ದನ್ನು ನಮ್ಮಂಥ ಮಂಡಿ ನೋವಿನವರಿಗೂ ಮಾಡಿ ನೋಡಿದ್ರು, ಟಾನೆಜುಮ್ಯಾಬ್ ಅಂತ. ಕೆಲವರಿಗೆ ನೋವು ಇಳಿದರೂ ಕೀಲು ಬೇಗ ಬೇಗ ಸವೆದು ಹೋಯ್ತು. 2021ರಲ್ಲಿ ಅದನ್ನು ಕೈಬಿಟ್ಟರು. ನಾಯಿಗಳಲ್ಲೂ ಹಾಗಾಗುತ್ತಾ ಅನ್ನೋದರ ಮೇಲೆ ಪಶುವೈದ್ಯರು ಇನ್ನೂ ಚರ್ಚೆ ಮಾಡ್ತಾನೇ ಇದ್ದಾರೆ. ಇನ್ನೊಂದು ಮಾತು, ಮನೇಲಿ ಬಸುರಿ, ಬಾಣಂತಿ ಇದ್ದರೆ ಆ ಸೂಜಿ ಅಪ್ಪಿತಪ್ಪಿ ಅವರಿಗೆ ತಾಗಬಾರದು.

ನನ್ನ ಮಟ್ಟಿಗೆ ದೊಡ್ಡ ವ್ಯತ್ಯಾಸ ಇರೋದು ಇಲ್ಲಿ. ಬಾಯಿಗೆ ಹಾಕೋ ಮದ್ದು ಒಗ್ಗಲಿಲ್ಲ ಅಂದರೆ ನಾಳೆ ಬೆಳಿಗ್ಗೆ ನಿಲ್ಲಿಸಬಹುದು. ತಿಂಗಳ ಸೂಜಿ ಒಂದು ಸಲ ಒಳಗೆ ಹೋಯ್ತು ಅಂದರೆ ಯಾರ ಕೈಯಲ್ಲೂ ವಾಪಸ್ ತೆಗೆಯೋಕಾಗಲ್ಲ, ವಾರಗಟ್ಟಲೆ ಮೈಯಲ್ಲೇ ಇರುತ್ತೆ. ಅದಕ್ಕೇ ನಾನು ಹೇಳೋದು: ನಿಲ್ಲಿಸಬಹುದಾದ್ದನ್ನ ಮೊದಲು ನೋಡಿ. ಅದು ಸಾಲದೇ ಹೋದರೆ, ಇಲ್ಲಾ ಕಿಡ್ನಿ ತಡೆಯದೇ ಹೋದರೆ, ಕಣ್ಣು ಬಿಟ್ಟುಕೊಂಡು ತಿಂಗಳ ಸೂಜಿಗೆ ಹೋಗಿ. ಭಯಪಟ್ಟು ಸುಮ್ಮನೆ ಕೂರಬೇಡಿ.

ಅದಕ್ಕೂ ಮೊದಲು ಇನ್ನೊಂದಿದೆ. ನಮ್ಮ ತೋಟದ ನಾಯಿಗಳ ಕಿವಿ ಮಡಿಸಿ ನೋಡಿ, ಉಣ್ಣೆಹುಳ ಇಲ್ಲದ ನಾಯಿ ಉಂಟಾ? ಆ ಹುಳದಿಂದ ಬರೋ ಜ್ವರಕ್ಕೂ ಕೀಲು ಊದುತ್ತೆ, ನಾಯಿ ಕುಂಟುತ್ತೆ. ಅದಕ್ಕೆ ಬೇರೆ ಮದ್ದೇ ಇದೆ, ಗುಣವೂ ಆಗುತ್ತೆ. ವಯಸ್ಸಾಯ್ತು, ಸಂಧಿವಾತ ಅಂತ ನಾವೇ ತೀರ್ಮಾನ ಮಾಡಿ ನೋವಿನ ಸೂಜಿ ಹಾಕಿಸಿದ್ರೆ ಒಳಗಿನ ಕಾಯಿಲೆ ಮುಚ್ಚಿಹೋಗುತ್ತೆ.

ನಾವು ಮಾಡಿದ್ದು ಇಷ್ಟು. ಜೀಪಲ್ಲಿ ಹಾಸಿಗೆ ಹಾಸಿ ಕೆಂಚನನ್ನ ಮೈಸೂರಿಗೆ ಕರ್ಕೊಂಡು ಹೋದ್ವಿ. ರಕ್ತ ಪರೀಕ್ಷೆ, ಎಕ್ಸ್‌ರೇ ಆಯ್ತು. ಹುಳದ ಜ್ವರ ಇಲ್ಲ, ಕಿಡ್ನಿ ಚೆನ್ನಾಗಿದೆ, ಸೊಂಟದ ಕೀಲು ಸವೆದಿದೆ. ತೂಕ ಮೂವತ್ತಾರು ಕಿಲೋ, ಇರಬೇಕಾದ್ದು ಮೂವತ್ತು. ಆ ಆರು ಕಿಲೋ ಅತ್ತೆಯವರು ಮೇಜಿನ ಕೆಳಗೆ ಕೊಟ್ಟ ಅಕ್ಕಿ ರೊಟ್ಟಿ ಅಂತ ನಾನು ಹೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ರು. ಈಗ ಅವರೇ ಅಳೆದು ಊಟ ಹಾಕ್ತಾರೆ. ಜಾರೋ ಟೈಲ್ಸ್ ಮೇಲೆ ಗೋಣಿ ಹಾಸಿದ್ದೀವಿ, ಅಂಗಳದ ಮೆಟ್ಟಿಲಿಗೆ ಹಲಗೆ ಇಳಿಜಾರು ಹಾಕಿದ್ದೀವಿ, ಉಗುರು ಕತ್ತರಿಸಿದ್ದೀವಿ. ಮೆಲಾಕ್ಸಿಕಾಮ್ ಶುರುವಾಗಿ ಹನ್ನೆರಡು ದಿನ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲೇ ದಿನಾ ಬರೀತೀನಿ: ಎಷ್ಟನೇ ಸಲಕ್ಕೆ ಎದ್ದ, ಊಟ ಮಾಡಿದ್ನಾ, ಹೇಲಿನ ಬಣ್ಣ ಏನು.

ನೀವೂ ದನದ ಡಾಕ್ಟ್ರ ಹತ್ತಿರ ಹೋದಾಗ ನಾಚಿಕೆ ಬಿಟ್ಟು ಕೇಳಿ. ಸಾರ್, ಇದು ಯಾವ ಮದ್ದು? ಎಷ್ಟು ದಿನ ಮೈಯಲ್ಲಿರುತ್ತೆ? ಮೊದಲು ರಕ್ತ ನೋಡಬೇಕಾ? ಏನು ಕಂಡರೆ ಓಡಿ ಬರಬೇಕು? ಹೆಸರನ್ನ ಚೀಟಿಯಲ್ಲಿ ಬರೆಸಿಕೊಳ್ಳಿ. ನಾಳೆ ಬೇರೆ ಡಾಕ್ಟ್ರು ನೋಡಿದ್ರೆ ಅವರಿಗೆ ಆ ಚೀಟಿಯೇ ದಾರಿ. ಮೋತಿಯ ಕಾಲಕ್ಕೆ ನಾನು ಯಾರನ್ನೂ ಏನೂ ಕೇಳಲಿಲ್ಲ. ಬಾಯಿಲ್ಲದ ಜೀವಕ್ಕೆ ನಾವೇ ಬಾಯಿ ಅಲ್ವಾ?

ನಿನ್ನೆ ಗೇಟಿನ ಸದ್ದಾದಾಗ ಕೆಂಚ ಮೊದಲನೇ ಸಲಕ್ಕೇ ಎದ್ದ. ಗೇಟಿನವರೆಗೆ ಹೋಗಲಿಲ್ಲ, ಅರ್ಧ ದಾರಿಯಲ್ಲಿ ಕೂತು ಬೊಗಳಿದ. ಅದನ್ನೂ ಪುಸ್ತಕದಲ್ಲಿ ಬರೆದಿದ್ದೀನಿ.